ಗೂಢಸಾಕ್ಷಿಯೂ ಗೋಪ್ಯವಚನವೂ

ಶೂದ್ರಕನ ಮೃಚ್ಛಕಟಿಕದ ಒಂಬತ್ತನೆಯ ಅಂಕವನ್ನು ಪ್ರಾಚೀನ ನ್ಯಾಯಸಭೆಯ ಪ್ರತ್ಯಕ್ಷ ಚಿತ್ರವೆಂದು ವಿಮರ್ಶಕರು ಕೊಂಡಾಡುವುದುಂಟು. ಅಧಿಕರಣಿಕ, ಅವನ ಪಕ್ಕದ ಶ್ರೇಷ್ಠಿ ಕಾಯಸ್ಥರು, ದೂರು ತಂದ ಶಕಾರ, ಆರೋಪಕ್ಕೆ ಗುರಿಯಾದ ಚಾರುದತ್ತ, ಇವರನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಅದೇ ಅಂಕದಲ್ಲಿ ಅಷ್ಟಾಗಿ ಯಾರೂ ನಿಂತು ನೋಡದ ಒಂದು ಸಣ್ಣ ಸಂದರ್ಭವಿದೆ. ವಸಂತಸೇನೆಯ ತಾಯಿಯನ್ನು ಸಭೆಗೆ ಕರೆಸಿ, ಮಗಳು ಎಲ್ಲಿಗೆ ಹೋದಳೆಂದು ಕೇಳುತ್ತಾರೆ. ಮಿತ್ರನ ಮನೆಗೆ ಎಂದು ಅವಳು ಹೇಳುತ್ತಾಳೆ. ಆ ಮಿತ್ರನ ಹೆಸರೇನೆಂಬ ಪ್ರಶ್ನೆ ಬಂದೊಡನೆ ಮುದುಕಿಗೆ ನಾಚಿಕೆಯಾಗುತ್ತದೆ; ಇದು ಊರಿನ ಜನ ಕೇಳಬಹುದಾದ ಮಾತೇ ಹೊರತು ಅಧಿಕರಣಿಕರು ಕೇಳತಕ್ಕದ್ದಲ್ಲವೆಂದು ಆಕ್ಷೇಪಿಸುತ್ತಾಳೆ. ಅವನು ಕೊಡುವ ಉತ್ತರದ ತಾತ್ಪರ್ಯವಿಷ್ಟು: ನಾಚಿಕೆಯನ್ನು ಬಿಡು, ಕೇಳುತ್ತಿರುವವನು ನಾನಲ್ಲ, ವ್ಯವಹಾರವೇ ಕೇಳುತ್ತಿದೆ. ಶ್ರೇಷ್ಠಿ ಕಾಯಸ್ಥರೂ ಹಾಗೆಯೇ ಹೇಳುತ್ತಾರೆ. ಅವಳು ಹೆಸರನ್ನು ಹೇಳಿಬಿಡುತ್ತಾಳೆ.

ಅದು ಕೊಲೆಯ ಆರೋಪ, ದ್ರವ್ಯದ ವಿವಾದವಲ್ಲ, ನಿಜ. ಆದರೂ ಮುದುಕಿಯ ಆಕ್ಷೇಪವೂ ಅಧಿಕರಣಿಕನ ಉತ್ತರವೂ ಸಾಲ, ವಿಭಾಗ, ದಾಂಪತ್ಯ ಮೊದಲಾದ ಎಲ್ಲ ವ್ಯವಹಾರಗಳಿಗೂ ಸಲ್ಲತಕ್ಕವು. ನಂಬಿಕೆಯಿಂದ ಆಡಿದ ಮಾತನ್ನು ನ್ಯಾಯಸಭೆಯು ಬಲವಂತವಾಗಿ ಹೊರಡಿಸಬಹುದೇ ಎಂಬುದೇ ಪ್ರಶ್ನೆ. ಈಚೆಗೆ ಕೆಲವು ಭಾಷಣಗಳಲ್ಲಿಯೂ ಲೇಖನಗಳಲ್ಲಿಯೂ, ಗಂಡಹೆಂಡಿರ ನಡುವಿನ ಮಾತಿಗೂ ವಕೀಲ ಕಕ್ಷಿದಾರರ ನಡುವಿನ ಮಾತಿಗೂ ಇಂದಿನ ಶಾಸನವು ಕೊಟ್ಟಿರುವ ರಕ್ಷಣೆಯೆಲ್ಲವೂ ನಮ್ಮ ಸ್ಮೃತಿಗಳಲ್ಲಿ ಮೊದಲೇ ಇತ್ತೆಂದು ಸಾಧಿಸುವ ಉತ್ಸಾಹ ಕಾಣುತ್ತಿದೆ. ಇದಕ್ಕೆ ಆಧಾರವಾಗಿ ಯಾಜ್ಞವಲ್ಕ್ಯನ ಒಂದು ಶ್ಲೋಕವನ್ನು ಮುಂದೊಡ್ಡುತ್ತಾರೆ. ಹಿಂದೊಮ್ಮೆ ನಾನೂ ಒಂದು ಸಭೆಯಲ್ಲಿ ಹೀಗೆಯೇ ಹೇಳಿ ಕರತಾಡನವನ್ನು ಗಳಿಸಿದವನಾದುದರಿಂದ, ಆ ಮಾತನ್ನು ಪರೀಕ್ಷಿಸುವ ಹೊಣೆ ಇತರರಿಗಿಂತ ನನಗೆ ಹೆಚ್ಚಾಗಿದೆ.

ಮೊದಲು ಇಂದಿನ ಶಾಸನದ ಸ್ವರೂಪವನ್ನು ತಿಳಿಯಬೇಕು. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ ೧೮೭೨ರ ಸಾಕ್ಷ್ಯದ ಅಧಿನಿಯಮವು ನೂರೈವತ್ತು ವರ್ಷಗಳಿಗೂ ಮಿಕ್ಕಿ ನಡೆದು, ಅದರ ಸ್ಥಾನದಲ್ಲಿ ೨೦೨೩ರ ಭಾರತೀಯ ಸಾಕ್ಷ್ಯ ಅಧಿನಿಯಮವು ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದಿದೆ. ಗೋಪ್ಯವಚನದ ವಿಷಯದಲ್ಲಿ ಪ್ರಕರಣಗಳ ಅಂಕೆ ಬದಲಾಗಿದೆಯೇ ಹೊರತು ಹುರುಳು ಬಹುಮಟ್ಟಿಗೆ ಹಳೆಯದೇ. ಇಂಗ್ಲಿಷಿನವರು ಈ ರಕ್ಷಣೆಗೆ ಇಟ್ಟ ಹೆಸರನ್ನು ಕನ್ನಡದಲ್ಲಿ ಸಾಮಾನ್ಯವಾಗಿ ‘ವಿಶೇಷಾಧಿಕಾರ’ವೆಂದು ಭಾಷಾಂತರಿಸುತ್ತಾರೆ. ನನ್ನ ಮತದಲ್ಲಿ ಇಷ್ಟು ತಪ್ಪುದಾರಿ ಹಿಡಿಸುವ ಅನುವಾದ ಮತ್ತೊಂದಿಲ್ಲ. ಅಧಿಕಾರವೆಂದರೆ ಒಂದನ್ನು ಮಾಡುವ ಶಕ್ತಿ. ಅದು ವಿಶೇಷವಾದರೆ ಇತರರಿಗಿಲ್ಲದ ಮೇಲ್ಮೆ. ಪ್ರಕರಣಗಳನ್ನು ತೆರೆದು ನೋಡಿದರೆ ಅಲ್ಲಿರುವುದು ಬೇರೆಯೇ.

ದಂಪತಿಗಳ ಮಾತಿನ ಬಗ್ಗೆ (ಹಳೆಯದರಲ್ಲಿ ೧೨೨, ಹೊಸದರಲ್ಲಿ ೧೨೮) ಎರಡು ವಿಧಿಗಳಿವೆ. ವಿವಾಹಕಾಲದಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಸಿದ ಸಂಗತಿಯನ್ನು ಹೇಳುವಂತೆ ಬಲಾತ್ಕರಿಸಕೂಡದು. ಕೇಳಿಸಿಕೊಂಡವರು ತಾವಾಗಿ ಹೇಳಲು ಮುಂದೆ ಬಂದರೂ, ಆ ಮಾತನ್ನಾಡಿದವರ ಸಮ್ಮತಿಯಿಲ್ಲದೆ ಅನುಮತಿಸಕೂಡದು. ವಕೀಲರ ವಿಷಯದಲ್ಲಿ (ಹಿಂದೆ ೧೨೬, ಈಗ ೧೩೨) ಕಕ್ಷಿದಾರನ ಸ್ಪಷ್ಟವಾದ ಸಮ್ಮತಿಯಿಲ್ಲದೆ ಹೇಳಲು ವಕೀಲನಿಗೆ ಅನುಮತಿಯೇ ಇಲ್ಲ. ಉದ್ಯೋಗಸಂಬಂಧ ಮುಗಿದ ಮೇಲೆಯೂ ಈ ಕಟ್ಟು ಬಿಡುವುದಿಲ್ಲ. ಅಕಾರ್ಯವನ್ನು ಸಾಧಿಸುವುದಕ್ಕಾಗಿ ಆಡಿದ ಮಾತಿಗೆ ಮಾತ್ರ ಈ ಆಶ್ರಯ ದೊರೆಯದು. ಕಕ್ಷಿದಾರನಿಗಾದರೋ (ಹಿಂದೆ ೧೨೯, ಈಗ ೧೩೪) ಬಲಾತ್ಕಾರದ ನಿಷೇಧ; ತಾನೇ ಸಾಕ್ಷಿಯಾಗಿ ನಿಂತರೆ, ಹೇಳಿದುದನ್ನು ವಿವರಿಸಲು ಬೇಕಾದಷ್ಟನ್ನು ಹೊರಗಿಡಬೇಕಾಗಬಹುದು. ಒಂದು ಕಡೆ ಬಾಯಿ ಬಿಡಿಸಬಾರದೆಂಬ ನಿಯಮ, ಇನ್ನೊಂದು ಕಡೆ ಬಾಯಿ ಬಿಡಬಾರದೆಂಬ ನಿಯಮ. ವಕೀಲನಿಗೆ ಇಲ್ಲಿ ಅಧಿಕಾರವೆಲ್ಲಿ ಬಂತು? ಅವನಿಗಿರುವುದು ಕರ್ತವ್ಯ, ಸ್ವಾಮ್ಯವು ಮಾತನ್ನು ಒಪ್ಪಿಸಿದವನದು. ನಿಕ್ಷೇಪವನ್ನು ಇಟ್ಟುಕೊಂಡವನಂತೆ ವಕೀಲನು ಅದನ್ನು ಕಾಯತಕ್ಕವನು. ಆದುದರಿಂದ ‘ವಚನನಿಕ್ಷೇಪ’ವೆಂಬ ಹೆಸರು ಇದಕ್ಕೆ ಹೆಚ್ಚು ಒಪ್ಪೀತೆಂದು ನನಗೆ ತೋರುತ್ತದೆ. ಹೆಸರು ಹಾಗಿರಲಿ.

ಈಗ ಪೂರ್ವಪಕ್ಷದವರು ತೋರಿಸುವ ಶ್ಲೋಕಕ್ಕೆ ಬರೋಣ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ೫೨ನೆಯ ಶ್ಲೋಕವು, ಸಹೋದರರು, ದಂಪತಿಗಳು, ತಂದೆಮಕ್ಕಳು, ಇವರು ಅವಿಭಕ್ತರಾಗಿರುವಾಗ ಇವರೊಳಗೆ ಹೊಣೆ ನಿಲ್ಲುವುದೂ ಸಾಲವೂ ಸಾಕ್ಷ್ಯವೂ ಇಲ್ಲವೆಂದು ವಿಧಿಸುತ್ತದೆ. ದಂಪತಿಗಳಲ್ಲಿ ಸಾಕ್ಷ್ಯವಿಲ್ಲ ಎಂಬಷ್ಟನ್ನೇ ಕತ್ತರಿಸಿಕೊಂಡರೆ ೧೨೨ನೆಯ ಪ್ರಕರಣದ ಅಜ್ಜನಂತೆಯೇ ಕಾಣುತ್ತದೆ! ಆದರೆ ಶ್ಲೋಕವನ್ನು ಕತ್ತರಿಸಿ ಓದುವುದು ಶಾಸ್ತ್ರಮರ್ಯಾದೆಯಲ್ಲ. ಸಾಕ್ಷ್ಯದ ಜೊತೆಯಲ್ಲಿ ಹೊಣೆಯನ್ನೂ ಸಾಲವನ್ನೂ ಏಕೆ ಹೇಳಿದೆ? ರಹಸ್ಯವನ್ನು ಕಾಪಾಡುವುದು ಉದ್ದೇಶವಾಗಿದ್ದರೆ ಸಾಲಕ್ಕೂ ರಹಸ್ಯಕ್ಕೂ ಏನು ಸಂಬಂಧ? ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಾರಣವನ್ನು ಸ್ಪಷ್ಟವಾಗಿಯೇ ಹೇಳಿದ್ದಾನೆ. ಇವರ ದ್ರವ್ಯವು ಸಾಧಾರಣವಾದದ್ದು, ಹೊಣೆಯೂ ಸಾಕ್ಷ್ಯವೂ ಕೆಲವು ವೇಳೆ ದ್ರವ್ಯದ ವ್ಯಯದಲ್ಲಿ ಮುಗಿಯುತ್ತವೆ, ಸಾಲವನ್ನಂತೂ ತೀರಿಸಲೇಬೇಕು. ಪರಸ್ಪರ ಅನುಮತಿಯಿದ್ದರೆ ಅವಿಭಕ್ತರಲ್ಲಿಯೂ ಇವು ನಡೆಯಬಹುದೆಂದೂ ಅವನು ಸೇರಿಸಿದ್ದಾನೆ. ಸಾಕ್ಷಿ ಹೇಳಿದರೆ ಹಣ ಹೇಗೆ ಖರ್ಚಾಗುತ್ತದೆಂದು ಇಂದಿನ ವಾಚಕರು ಆಶ್ಚರ್ಯಪಡಬಹುದು. ತಿಳಿದೂ ಸಾಕ್ಷ್ಯ ಹೇಳದವನಿಂದ ನಲವತ್ತಾರನೆಯ ದಿನ ಆ ಸಾಲವನ್ನೆಲ್ಲ ಹತ್ತರಲ್ಲೊಂದು ಪಾಲನ್ನು ಕೂಡಿಸಿ ರಾಜನು ಕೊಡಿಸಬೇಕೆಂದು ಅದೇ ಅಧ್ಯಾಯದಲ್ಲಿ ಮುಂದೆ ಇರುವುದನ್ನು ನೋಡಿದರೆ ಆಶ್ಚರ್ಯವು ಹೋಗುತ್ತದೆ.

ಅಂದಮೇಲೆ ಈ ನಿಷೇಧದ ಮೂಲ ಕುಟುಂಬದ ಗಂಟು, ಹೃದಯದ ಗುಟ್ಟಲ್ಲ. ಅಷ್ಟೇ ಅಲ್ಲ, ದಂಪತಿಗಳಿಗೆ ವಿಭಾಗವೇ ಇಲ್ಲವೆಂಬ ಆಪಸ್ತಂಬವಚನವನ್ನು ಇದೇ ಸಂದರ್ಭದಲ್ಲಿ ಎತ್ತಿಕೊಂಡು, ಅದು ಶ್ರೌತಸ್ಮಾರ್ತ ಕರ್ಮಗಳಲ್ಲಿಯೂ ಅವುಗಳ ಫಲದಲ್ಲಿಯೂ ಸಲ್ಲತಕ್ಕದ್ದು, ದ್ರವ್ಯದಲ್ಲಿ ಅಲ್ಲವೆಂದು ವಿಜ್ಞಾನೇಶ್ವರನು ನಿರ್ಣಯಿಸುತ್ತಾನೆ. ಗಂಡಹೆಂಡಿರು ಒಂದೇ ಜೀವವೆಂಬ ಭಾವನೆಯಿಂದ ಸಾಕ್ಷ್ಯನಿಷೇಧವನ್ನು ಕಟ್ಟುವುದಕ್ಕೆ ಬೇಕಾದ ಸಾಮಗ್ರಿ ಕೈಯಲ್ಲೇ ಇತ್ತು; ಅವನು ಅದನ್ನು ಬೇಕೆಂದೇ ಬದಿಗಿಟ್ಟನು. ಈ ಒಂದು ಸಾಲನ್ನು ಓದಿದ ದಿನ ನನ್ನ ಹಳೆಯ ಭಾಷಣವು ನನಗೇ ನಾಚಿಕೆಯನ್ನುಂಟುಮಾಡಿತು.

ನಾರದನು ಹೇಳುವ ಹನ್ನೊಂದು ವಿಧದ ಸಾಕ್ಷಿಗಳನ್ನು ನೋಡಿದರಂತೂ ಪೂರ್ವಪಕ್ಷವು ಪೂರ್ತಿಯಾಗಿ ಬೀಳುತ್ತದೆ. ಮಿತಾಕ್ಷರೆಯೂ ಈ ಪಟ್ಟಿಯನ್ನು ಉದ್ಧರಿಸಿಕೊಂಡಿದೆ. ಕೃತಸಾಕ್ಷಿಗಳು ಐವರು: ಲಿಖಿತ, ಸ್ಮಾರಿತ, ಯದೃಚ್ಛಾಭಿಜ್ಞ, ಗೂಢ, ಉತ್ತರಸಾಕ್ಷಿ. ಅಕೃತರು ಆರು ವಿಧ: ಗ್ರಾಮ, ಪ್ರಾಡ್ವಿವಾಕ, ರಾಜ, ಕಾರ್ಯದಲ್ಲಿ ಅಧಿಕೃತನಾದವನು, ಅರ್ಥಿಯು ಕಳುಹಿಸಿದವನು, ಕುಲವಿವಾದಗಳಲ್ಲಿ ಕುಲದವರು. ಇಂದಿನ ಶಾಸನವು ಯಾರಿಗೆ ಕದವನ್ನು ಮುಚ್ಚಿದೆಯೋ ಬಹುಮಟ್ಟಿಗೆ ಅವರನ್ನೇ ನಾರದನು ಹೆಸರು ಹಿಡಿದು ಕರೆದಂತಿದೆ. ನ್ಯಾಯಾಧೀಶನನ್ನು ಅವನು ನ್ಯಾಯಾಸನದಲ್ಲಿ ನಡೆದುಕೊಂಡ ರೀತಿಯ ಬಗ್ಗೆ, ಮೇಲಿನ ನ್ಯಾಯಾಲಯದ ವಿಶೇಷ ಆಜ್ಞೆಯಿಲ್ಲದೆ, ಉತ್ತರಿಸುವಂತೆ ಬಲಾತ್ಕರಿಸಬಾರದೆಂದು ಇಂದಿನ ನಿಯಮ. ನಾರದನಲ್ಲಿ ಪ್ರಾಡ್ವಿವಾಕನೇ ಸಾಕ್ಷಿ. ಕಾರ್ಯಾಧಿಕೃತನೂ ಅರ್ಥಿಪ್ರಹಿತನೂ ಒಬ್ಬನ ನಂಬಿಕೆಯ ಮನುಷ್ಯರು. ಆ ನಂಬಿಕೆಯಿಂದ ಅವರಿಗೆ ವಿಷಯ ತಿಳಿದಿರುವುದರಿಂದಲೇ ಅವರು ಸಾಕ್ಷಿಗಳು. ಇನ್ನು ವಿಭಾಗವಾಗಿಲ್ಲವೆಂದು ಒಬ್ಬನು ಸುಳ್ಳಾಡಿದರೆ ಜ್ಞಾತಿಗಳು, ಬಂಧುಗಳು, ಸಾಕ್ಷಿಗಳು, ಪತ್ರ, ಬೇರೆಬೇರೆಯಾಗಿ ಅನುಭವಿಸುತ್ತಿರುವ ಮನೆ ಹೊಲಗಳು, ಇವುಗಳಿಂದ ನಿರ್ಣಯಿಸತಕ್ಕದ್ದು. ಮನೆಯೊಳಗಿನ ಸಂಗತಿ ಮನೆಯವರಿಗಲ್ಲದೆ ಮತ್ತಾರಿಗೆ ತಿಳಿದೀತೆಂಬುದೇ ಇಲ್ಲಿನ ತರ್ಕ. ಅಧಿಕರಣಿಕನು ಮುದುಕಿಗೆ ಕೊಟ್ಟ ಉತ್ತರವೂ ಇದೇ ತರ್ಕದಿಂದ ಹುಟ್ಟಿದ್ದು.

ವಕೀಲನ ಗೋಪ್ಯವು ಸ್ಮೃತಿಗಳಲ್ಲಿ ಏಕೆ ಕಾಣುವುದಿಲ್ಲವೆಂಬುದನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಇಂದಿನ ಅರ್ಥದ ಸ್ವತಂತ್ರ ವಕೀಲವೃತ್ತಿಗೆ ಅಲ್ಲಿ ಸ್ಥಾನವಿರಲಿಲ್ಲ. ತಂದೆ, ಮಗ, ಸಹೋದರ, ಇಲ್ಲವೇ ನಿಯುಕ್ತನಾದವನು ಮಾತ್ರ ಪರರ ಪರವಾಗಿ ಮಾತನಾಡಬಹುದು. ಅವನ ಜಯಾಪಜಯಗಳು ನಿಯೋಜಿಸಿದವನವೇ. ಅವನು ಪಕ್ಷದ ಇನ್ನೊಂದು ದೇಹ, ಪ್ರತ್ಯೇಕ ಪುರುಷನಲ್ಲ. ಶುಕ್ರನೀತಿಯಲ್ಲಿ ನಿಯೋಗಿಗೆ ವೇತನದ ದರವೂ ಉಂಟು. ಆದರೆ ಆ ಗ್ರಂಥದ ಕಾಲವೇ ವಿವಾದಗ್ರಸ್ತವಾದುದರಿಂದ ಅದರ ಮೇಲೆ ಗೋಡೆ ಕಟ್ಟಲಾಗದು.

ಈ ಎರಡು ಶಾಸ್ತ್ರಗಳ ನಡುವೆ ನಾನೇ ಸಿಕ್ಕಿಕೊಂಡ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಸುಮಾರು ಇಪ್ಪತ್ತು ವರ್ಷಗಳ ಕೆಳಗೆ ಒಬ್ಬ ವಕೀಲರು ತಮ್ಮ ಕಕ್ಷಿದಾರರ ಮನೆಯ ಹಳೆಯ ಕಡತವೊಂದನ್ನು ಓದಿಸಲು ನನ್ನಲ್ಲಿಗೆ ತಂದರು. ಮೋಡಿ ಬರಹ; ನಡುನಡುವೆ ಸಂಸ್ಕೃತದ ಮಾತುಗಳು. ಅದು ಅಣ್ಣತಮ್ಮಂದಿರ ಹಿಂದಿನ ತಲೆಯ ಪಾಲುಪತ್ರ. ಓದುತ್ತ ಹೋದಂತೆ, ಯಾವ ತೋಟವನ್ನು ತಮ್ಮದೇ ಸ್ವಂತವೆಂದು ಆ ಕಕ್ಷಿದಾರರು ಹೇಳುತ್ತಿದ್ದರೋ ಅದು ಎದುರುಪಕ್ಷದ ಶಾಖೆಗೆ ಬಿಟ್ಟದ್ದೆಂದು ತಿಳಿದುಬಂತು. ಓದಿ ಹೇಳಿದೆ, ಅವರು ಸುಮ್ಮನೆ ಕಟ್ಟಿಕೊಂಡು ಹೋದರು. ಕೆಲವು ದಿನಗಳ ಮೇಲೆ ಎದುರುಪಕ್ಷದ ಮುದುಕರೊಬ್ಬರು ನನ್ನ ಜಗಲಿಯ ಮೇಲೆ ಕುಳಿತು, “ಶಾಸ್ತ್ರಿಗಳೇ, ತಾವು ಆ ಕಡತವನ್ನು ಓದಿದಿರಂತೆ. ಅದರಲ್ಲಿ ಏನಿದೆ? ಅಷ್ಟು ಹೇಳಿದರೆ ಸಾಕು” ಎಂದರು. ನಾನು ಏನೂ ಹೇಳಲಿಲ್ಲ. ಅವರು ಹೋದ ಮೇಲೆ ಆ ರಾತ್ರಿ ನಿದ್ರೆ ಬರಲಿಲ್ಲ. ಏಕೆಂದರೆ, ತಿಳಿದಿದ್ದೂ ಸಾಕ್ಷ್ಯ ಹೇಳದ ನರಾಧಮನು ಪಾಪದಲ್ಲಿಯೂ ದಂಡದಲ್ಲಿಯೂ ಕೂಟಸಾಕ್ಷಿಗೆ ಸಮಾನನೆಂದು ಯಾಜ್ಞವಲ್ಕ್ಯನು ಹೇಳಿರುವುದನ್ನು ನಾನು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಪಾಠ ಹೇಳುತ್ತಿದ್ದವನು.

ಮಾರನೆಯ ದಿನ ವಕೀಲರನ್ನು ಕಂಡು ಕೇಳಿದಾಗ ಅವರು ೧೨೭ನೆಯ ಪ್ರಕರಣವನ್ನು ತೆಗೆದು ತೋರಿಸಿದರು. ವಕೀಲರ ಮೇಲಿರುವ ಕಟ್ಟು ದುಭಾಷಿಗಳಿಗೂ ಗುಮಾಸ್ತರಿಗೂ ಸೇವಕರಿಗೂ ಅನ್ವಯಿಸುತ್ತದೆ. ನಾನು ದುಭಾಷಿ! ಹೊಸ ಅಧಿನಿಯಮದಲ್ಲಿ ಇದು ೧೩೨ನೆಯ ಪ್ರಕರಣದೊಳಗೇ ಸೇರಿದೆ. ಉದ್ಯೋಗದ ನಿಮಿತ್ತ ನೋಡಿದ ಪತ್ರದಲ್ಲಿ ಏನಿದೆಯೆಂದು ಹೇಳುವುದೂ ನಿಷಿದ್ಧವೆಂದು ಶಾಸನವು ಬಿಡಿಸಿ ಹೇಳುತ್ತದೆ. ನನಗೆ ಸ್ವಲ್ಪ ಸಮಾಧಾನವಾಯಿತು; ಪೂರ್ತಿಯಾಗಿ ಅಲ್ಲ. ಆಮೇಲೆ ತಿಳಿದದ್ದೇನೆಂದರೆ, ಬಾಯಿಗೆ ಬೀಗವಿದ್ದರೂ ಕಡತಕ್ಕೆ ಬೀಗವಿಲ್ಲ. ವ್ಯಾಜ್ಯಕ್ಕೆ ಮೊದಲೇ ಹುಟ್ಟಿದ ಪತ್ರವು ವಕೀಲನ ಕೈಗೆ ಹೋದ ಮಾತ್ರಕ್ಕೆ ಗೋಪ್ಯವಾಗುವುದಿಲ್ಲ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೧೧ನೆಯ ಆದೇಶದ ಪ್ರಕಾರ, ಒಂದು ಪಕ್ಷದವರು ತಮ್ಮಲ್ಲಿರುವ ಪತ್ರಗಳ ವಿವರವನ್ನು ಪ್ರಮಾಣಪೂರ್ವಕವಾಗಿ ಒಪ್ಪಿಸುವಂತೆ ಇನ್ನೊಂದು ಪಕ್ಷದವರು ಕೇಳಬಹುದು. ಅದೇ ಆದೇಶದ ೧೯ನೆಯ ನಿಯಮದಲ್ಲಿ, ಇದು ಗೋಪ್ಯವಾದ ಪತ್ರವೆಂದು ಯಾರಾದರೂ ವಾದಿಸಿದರೆ, ಆ ವಾದವು ಸರಿಯೇ ಎಂದು ತೀರ್ಮಾನಿಸುವುದಕ್ಕಾಗಿ ನ್ಯಾಯಾಧೀಶನು ತಾನು ಅದನ್ನು ನೋಡಬಹುದೆಂದೂ ಇದೆ. ಮುದುಕರ ವಕೀಲರು ಆ ದಾರಿಯನ್ನು ಹಿಡಿದರು; ಕಡತವು ನ್ಯಾಯಾಲಯಕ್ಕೆ ಬಂತು. ಹೀಗೆ ನಿಜವೂ ಹೊರಬಿತ್ತು, ನನ್ನ ಮಾತೂ ಉಳಿಯಿತು. ಇಂತಹ ಏರ್ಪಾಡನ್ನು ಯೋಚಿಸಿದವರಲ್ಲಿ ನಮ್ಮ ಧರ್ಮಶಾಸ್ತ್ರಕಾರರಿಗೆ ಕಡಿಮೆಯಿಲ್ಲದ ಸೂಕ್ಷ್ಮತೆಯಿದೆಯೆಂದು ಒಪ್ಪದಿದ್ದರೆ ಅದು ಮತ್ಸರವಾದೀತು.

ಇನ್ನು ಗೂಢಸಾಕ್ಷಿಯ ವಿಚಾರ. ಅರ್ಥಿಯು ತನ್ನ ಕಾರ್ಯಸಿದ್ಧಿಗಾಗಿ ಒಬ್ಬನನ್ನು ಮರೆಯಲ್ಲಿ ನಿಲ್ಲಿಸಿ ಪ್ರತ್ಯರ್ಥಿಯ ಮಾತನ್ನು ಸ್ಫುಟವಾಗಿ ಕೇಳಿಸಿದರೆ ಅಂಥವನು ಗೂಢಸಾಕ್ಷಿ. ಸಾಲಗಾರನನ್ನು ಮಾತಿಗೆಳೆದು, ಗೋಡೆಯ ಹಿಂದೆ ಒಬ್ಬನನ್ನು ನಿಲ್ಲಿಸುವ ಈ ಉಪಾಯವನ್ನು ಸ್ಮೃತಿಕಾರರು ಅಸಹ್ಯಪಡದೆ ಒಪ್ಪಿರುವರು. ೨೦೨೫ನೆಯ ಜುಲೈ ೧೪ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪನ್ನು ಓದಿದಾಗ ನನಗೆ ಥಟ್ಟನೆ ನೆನಪಿಗೆ ಬಂದವನು ಇವನೇ. ವಿಚ್ಛೇದನದ ವ್ಯವಹಾರವೊಂದರಲ್ಲಿ ಗಂಡನು ಹೆಂಡತಿಯೊಡನೆ ನಡೆದ ಸಂಭಾಷಣೆಗಳನ್ನು ಅವಳಿಗೆ ತಿಳಿಯದಂತೆ ದೂರವಾಣಿಯಲ್ಲಿ ಮುದ್ರಿಸಿಕೊಂಡಿದ್ದನು. ಕುಟುಂಬ ನ್ಯಾಯಾಲಯವು ಅದನ್ನು ಸಾಕ್ಷ್ಯವಾಗಿ ತೆಗೆದುಕೊಂಡಿತು. ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಬೇಡವೆಂದಿತು. ಸರ್ವೋಚ್ಚ ನ್ಯಾಯಾಲಯವು ಮೊದಲಿನದನ್ನೇ ಎತ್ತಿಹಿಡಿಯಿತು. ದಂಪತಿಗಳ ನಡುವಿನ ವ್ಯಾಜ್ಯದಲ್ಲಿ ಗೋಪ್ಯರಕ್ಷಣೆ ಸಲ್ಲದೆಂಬ ಅಪವಾದವು ೧೨೨ನೆಯ ಪ್ರಕರಣದಲ್ಲಿಯೇ ಉಂಟು. ಆ ಪ್ರಕರಣದ ಗುರಿ ವಿವಾಹದ ಪಾವಿತ್ರ್ಯವೇ ಹೊರತು ಒಬ್ಬರಿಂದೊಬ್ಬರಿಗೆ ಏಕಾಂತದ ಹಕ್ಕಲ್ಲ. ಒಬ್ಬರನ್ನೊಬ್ಬರು ಹೊಂಚಿ ನೋಡುವ ಹಂತಕ್ಕೆ ದಾಂಪತ್ಯವು ಬಂದಿದ್ದರೆ ಅದು ಮುರಿದುಬಿದ್ದ ಸಂಬಂಧದ ಲಕ್ಷಣವೇ ಆಗಿದೆ—ಇವು ತೀರ್ಪಿನ ಮುಖ್ಯ ಕಾರಣಗಳು. ೨೦೧೭ರಲ್ಲಿ, ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ, ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಸಾರಿದ್ದು ಪ್ರಸಿದ್ಧವಾಗಿದೆ. ಅದು ಈ ವಿಷಯಕ್ಕೆ ಅಡ್ಡ ಬರುವುದಿಲ್ಲವೆಂಬುದು ೨೦೨೫ರ ಅಭಿಪ್ರಾಯ.

ಶಾಸನದ ಅಕ್ಷರವನ್ನು ಹಿಡಿದು ನೋಡಿದರೆ ಈ ತೀರ್ಪನ್ನು ಆಕ್ಷೇಪಿಸುವುದು ಕಷ್ಟ. ಅಪವಾದವು ಅಲ್ಲಿದೆ; ಇಲ್ಲವೆನ್ನುವಂತಿಲ್ಲ. ಮುಚ್ಚಿದ ಕೋಣೆಯ ಕ್ರೌರ್ಯಕ್ಕೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು? ನಾಲ್ಕು ಗೋಡೆಗಳೊಳಗೆ ಬೈಗುಳವನ್ನೂ ಬೆದರಿಕೆಯನ್ನೂ ತಿಂದ ಹೆಂಗಸಿಗೆ ಕೈಯಲ್ಲಿರುವ ಯಂತ್ರವೊಂದೇ ಬಂಧುವಾಗಿರಬಹುದು, ಗಂಡಸಿಗೂ ಅಷ್ಟೇ. ಆದರೆ ಗೂಢಸಾಕ್ಷಿಗೂ ಈ ಯಂತ್ರಕ್ಕೂ ಇರುವ ಭೇದವನ್ನು ಮರೆಯಬಾರದು. ಸ್ಮೃತಿಯ ಲಕ್ಷಣದಲ್ಲಿ ಅರ್ಥಿ ಪ್ರತ್ಯರ್ಥಿ ಎಂಬ ಶಬ್ದಗಳೇ ಬಂದಿವೆ. ವಿವಾದವು ಆಗಲೇ ಹುಟ್ಟಿದೆ, ಎದುರಿಗಿರುವವನು ಎದುರಾಳಿಯೆಂದು ಇಬ್ಬರಿಗೂ ಗೊತ್ತು. ಸಾಲಗಾರನು ಸಾಲಕೊಟ್ಟವನ ಮುಂದೆ ಎಚ್ಚರದಿಂದಲೇ ಮಾತನಾಡುತ್ತಾನೆ. ಹೆಂಡತಿಯಾದವಳು ಗಂಡನೊಡನೆ ಮಾತನಾಡುವಾಗ ತಾನು ಪ್ರತ್ಯರ್ಥಿಯೆಂದು ಬಲ್ಲಳೇ? ಇನ್ನೊಂದು ಮಾತು. ಗೂಢನಾಗಿದ್ದರೂ ಸಾಕ್ಷಿಯು ಮನುಷ್ಯ. ಅವನನ್ನು ಸಭೆಗೆ ತಂದು ಪಾಪದ ಭಯವನ್ನು ಹೇಳಿ ಕೇಳಬೇಕು. ಸುಳ್ಳಾಡುವವನು ನಿಂತಲ್ಲಿ ನಿಲ್ಲದೆ ಚಡಪಡಿಸುತ್ತಾನೆ, ತುಟಿಯ ಕೊನೆಯನ್ನು ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಮುಖ ಬಣ್ಣಗೆಡುತ್ತದೆಂದು ಯಾಜ್ಞವಲ್ಕ್ಯನು ಗುರುತುಗಳನ್ನು ಕೊಟ್ಟಿದ್ದಾನೆ. ಯಂತ್ರಕ್ಕೆ ತುಟಿಯೂ ಇಲ್ಲ, ಹಣೆಯೂ ಇಲ್ಲ. ಯಾವ ಮಾತಿಗೆ ಮೊದಲು ಅದನ್ನು ಹಚ್ಚಿದರು, ಯಾವ ಮಾತಿನ ಮೇಲೆ ಆರಿಸಿದರು ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ. ಆದುದರಿಂದ ಪತ್ರದ ವಿಷಯದಲ್ಲಿ ೧೯ನೆಯ ನಿಯಮವು ತೋರಿಸಿದ ದಾರಿಯನ್ನೇ ಇಲ್ಲಿಯೂ ಹಿಡಿದು, ನ್ಯಾಯಾಧೀಶರು ಮೊದಲು ತಾವೊಬ್ಬರೇ ಕೇಳಿ, ವ್ಯಾಜ್ಯಕ್ಕೆ ಬೇಕಾದಷ್ಟನ್ನು ಮಾತ್ರ ಒಳಗೆ ಬಿಡುವುದು ಯುಕ್ತವೆಂದು ನನ್ನ ಅಭಿಪ್ರಾಯ.

ವಿಜ್ಞಾನೇಶ್ವರನಿಂದ ನಿಜವಾಗಿ ಕಲಿಯತಕ್ಕದ್ದು ಬೇರೊಂದು ಕಡೆಯಲ್ಲಿದೆ. ಗುರುಶಿಷ್ಯರು, ತಂದೆಮಕ್ಕಳು, ದಂಪತಿಗಳು, ಒಡೆಯ ಸೇವಕರು, ಇವರು ತಮ್ಮೊಳಗೆ ಹೂಡಿದ ವ್ಯವಹಾರವು ಸಿದ್ಧಿಸದೆಂಬ ಸ್ಮೃತಿವಚನವನ್ನು ಅವನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ದುರ್ಭಿಕ್ಷ ಮೊದಲಾದ ಆಪತ್ತಿಲ್ಲದೆ ಹೆಂಡತಿಯ ಸ್ತ್ರೀಧನವನ್ನು ಖರ್ಚುಮಾಡಿ, ಕೈಯಲ್ಲಿ ಹಣವಿದ್ದೂ ಕೇಳಿದಾಗ ಕೊಡದ ಗಂಡನ ಮೇಲೆ ಅವಳು ವ್ಯವಹಾರ ಹೂಡಬಹುದೆಂದು ಸ್ಪಷ್ಟವಾಗಿ ಹೇಳಿ, ಆ ವಚನದ ತಾತ್ಪರ್ಯವನ್ನು ಹೀಗೆ ಬಿಡಿಸುತ್ತಾನೆ: ಇಂತಹ ವ್ಯವಹಾರವು ಇಹಕ್ಕೂ ಪರಕ್ಕೂ ಶ್ರೇಯಸ್ಕರವಲ್ಲವಾದುದರಿಂದ ರಾಜನು ಸಭ್ಯರೊಡನೆ ಮೊದಲು ಅವರನ್ನು ತಡೆಯಬೇಕು, ಅತ್ಯಂತ ಹಟ ಹಿಡಿದರೆ ನಡೆಸಬೇಕು. ಪ್ರಾಚೀನರು ರಹಸ್ಯವನ್ನು ಕಾಪಾಡಿದ್ದು ಸಾಕ್ಷಿಯ ಬಾಯಿ ಮುಚ್ಚಿ ಅಲ್ಲ, ಸಭೆಯ ಬಾಗಿಲಲ್ಲಿ ಕಕ್ಷಿಗಳನ್ನು ತಡೆದು. ಒಳಕ್ಕೆ ಬಂದ ಮೇಲೆ ಎಲ್ಲವನ್ನೂ ಹೇಳಲೇಬೇಕು. ೧೯೮೪ರ ಕುಟುಂಬ ನ್ಯಾಯಾಲಯಗಳ ಅಧಿನಿಯಮವು ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು ವಿಧಿಸಿ, ಆಮೇಲೆ ಸಾಕ್ಷ್ಯದ ಶಾಸನದ ಕಟ್ಟುಗಳನ್ನೂ ಸಡಿಲಿಸಿ, ಒಬ್ಬ ಕಕ್ಷಿಯು ಬಯಸಿದರೂ ಸಾಕು, ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸತಕ್ಕದ್ದೆಂದು ಹೇಳಿರುವುದನ್ನು ಇದರೊಡನೆ ಇಟ್ಟು ನೋಡಬೇಕು. ಜನರು ಕೇಳಬಹುದು, ಅಧಿಕರಣಿಕನು ಕೇಳಬಾರದೆಂದಳು ಮುದುಕಿ. ಅಧಿಕರಣಿಕನು ಕೇಳಬಹುದು, ಜನರು ಕೇಳಬಾರದೆನ್ನುತ್ತದೆ ಈ ಅಧಿನಿಯಮ.

ವೈದ್ಯನಿಗೆ ರೋಗಿಯು ಹೇಳಿದ್ದಕ್ಕೂ ಗುರುವಿಗೆ ಶಿಷ್ಯನು ತೋಡಿಕೊಂಡದ್ದಕ್ಕೂ ಹಳೆಯ ಅಧಿನಿಯಮದಲ್ಲಿಯೂ ಹೊಸದರಲ್ಲಿಯೂ ಪ್ರತ್ಯೇಕ ಪ್ರಕರಣವಿಲ್ಲವೆಂಬ ಕೊರತೆಯನ್ನು ಇಲ್ಲಿ ಸೂಚಿಸಿ ಬಿಡುತ್ತೇನೆ. ಅದನ್ನೇ ಬೇರೆಯಾಗಿ ಬರೆಯಬೇಕು. ರಾಜ್ಯದ ಗೋಪ್ಯಪತ್ರಗಳ ವಿಚಾರವೂ ಹಾಗೆಯೇ.

ಕಡೆಗೆ ಮತ್ತೆ ಆ ಮುದುಕಿಯ ಬಳಿಗೆ. ವಿಮರ್ಶಕರು ಅವಳನ್ನು ಹಾಸ್ಯದ ಪಾತ್ರವೆಂದು ದಾಟಿಹೋಗುವುದು ಅನ್ಯಾಯ. ಹೆಸರನ್ನು ಹೇಳಬೇಕಾಗಿ ಬಂದಾಗ ಸೋತವಳು ಅವಳೇ. ಆದರೆ ಮೈತ್ರೇಯನ ಕಂಕುಳಿನಿಂದ ಒಡವೆಗಳು ಸಭೆಯಲ್ಲಿ ಬಿದ್ದು, ಇವು ನಿನ್ನ ಮಗಳವೇ ಎಂದು ಕೇಳಿದಾಗ, ಹೋಲುತ್ತವೆ, ಅವೇ ಅಲ್ಲ ಎನ್ನುತ್ತಾಳೆ. ಚಾರುದತ್ತನೇ ಅವು ಅವಳವೆಂದು ಒಪ್ಪಿಕೊಂಡ ಮೇಲೆ, ವ್ಯವಹಾರವು ಅರ್ಥಿ ಪ್ರತ್ಯರ್ಥಿಗಳದಲ್ಲವೇ, ಇಲ್ಲಿ ಅರ್ಥಿನಿ ನಾನು, ಅವನನ್ನು ಬಿಟ್ಟುಬಿಡಿರೆಂದು ಕೇಳಿಕೊಳ್ಳುತ್ತಾಳೆ. ಮಾತಿನ ಸ್ವಾಮ್ಯವು ಯಾರದೋ ಅದನ್ನು ಬಿಡುವ ಹಕ್ಕೂ ಅವರದೆಂಬ ನ್ಯಾಯವನ್ನು ಆ ಸಭೆಯಲ್ಲಿ ಎತ್ತಿದವಳು ಅವಳೊಬ್ಬಳೇ. ಶಕಾರನು ಅವಳನ್ನು ಗದರಿಸುತ್ತಾನೆ. ಅಧಿಕರಣಿಕನು ಅವಳನ್ನು ಹೊರಕ್ಕೆ ಕಳುಹಿಸುತ್ತಾನೆ.